ಸಿಎನ್‌ಸಿ ಸಿಮ್ಯುಲೇಷನ್‌ನಲ್ಲಿ ಅಳತೆ, ಹೋಲಿಕೆ, ವಿಶ್ಲೇಷಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸಿಎನ್‌ಸಿ ಅಂದರೆ ಕಂಪ್ಯೂಟರ್ ಪ್ರೋಗ್ರಾಮಿನಂತೆ ಲೋಹ ಕಟ್ ಮಾಡುವ ಮೆಷಿನ್. ಆ ಪ್ರೋಗ್ರಾಂ ಅನ್ನು ಮೆಷಿನ್‌ಗೆ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಓಡಿಸಿ ನೋಡುವವರಿಗಾಗಿ, ಅಂದರೆ ಸಿಮ್ಯುಲೇಷನ್ ಮಾಡುವವರಿಗಾಗಿ, ಈ ಪುಟ. ಸಿಮ್ಯುಲೇಷನ್ ಓಡಿಸುವುದು ಎಲ್ಲರಿಗೂ ಬರುತ್ತದೆ. ಓಡಿ ನಿಂತ ಮೇಲೆ ಪರದೆಯ ಮೇಲಿರುವ ಜಾಬನ್ನು (ಕಟ್ ಆದ ತುಂಡನ್ನು) ಅಳೆಯುವುದರಲ್ಲಿ, ಅಲ್ಲಿ ಬಂದ ಸಂಖ್ಯೆಯನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವುದರಲ್ಲಿ ತೊಡಕು ಜಾಸ್ತಿ. ಸಾಫ್ಟ್‌ವೇರ್ ಯಾವುದಾದರೂ ಇರಲಿ, ಮೆನುವಿನ ಹೆಸರು ಬೇರೆ ಇರಬಹುದು, ವಿಷಯ ಹೆಚ್ಚುಕಮ್ಮಿ ಒಂದೇ.

ಪ್ರೋಗ್ರಾಂ ಪೂರ್ತಿ ಓಡಿತು, ಎಲ್ಲೂ ಡಿಕ್ಕಿ ಆಗಲಿಲ್ಲ. ಇನ್ನು ಅಳೆದು ನೋಡುವುದು ಯಾಕೆ?

ಡಿಕ್ಕಿ ಆಗಲಿಲ್ಲ ಅಂದರೆ ಮೆಷಿನ್ ಉಳಿಯಿತು ಅಂತ. ಜಾಬ್ ಸರಿ ಬಂತು ಅಂತ ಅಲ್ಲ. 10 ಮಿ.ಮೀ. ಆಳ ಇರಬೇಕಾದ ಪಾಕೆಟ್ಟನ್ನು (ಲೋಹದಲ್ಲಿ ತೋಡುವ ಗುಂಡಿಯನ್ನು) ಪ್ರೋಗ್ರಾಂ 12 ಮಿ.ಮೀ. ಆಳಕ್ಕೆ ಕಟ್ ಮಾಡಿದರೂ ಸಿಮ್ಯುಲೇಷನ್ ತಕರಾರು ತೆಗೆಯುವುದಿಲ್ಲ. ಟೂಲ್ ಇರುವುದೇ ಕಟ್ ಮಾಡುವುದಕ್ಕೆ ಅಲ್ವಾ, ಅದು ಕಟ್ ಮಾಡಿತು. ಆ 2 ಮಿ.ಮೀ. ಬೇಡವಾಗಿತ್ತು ಎಂದು ಗೊತ್ತಿರುವುದು ಡ್ರಾಯಿಂಗಿಗೆ ಮಾತ್ರ. ಡ್ರಾಯಿಂಗನ್ನೂ ಪರದೆಯ ಮೇಲಿನ ಜಾಬನ್ನೂ ಒಂದಕ್ಕೊಂದು ಹಿಡಿದು ನೋಡುವ ಕೆಲಸವನ್ನು ಸಾಫ್ಟ್‌ವೇರಿನ ಅಳತೆಯ ಸೌಲಭ್ಯಗಳು ಮಾಡುತ್ತವೆ.

ಅಳತೆ ಯಾವಾಗಲೂ ಡ್ರಾಯಿಂಗಿಗೆ ಸರಿಯಾಗಿಯೇ ಬರುತ್ತದೆ. ಆದರೆ ಮೆಷಿನ್‌ನಲ್ಲಿ ಜಾಬ್ ತಪ್ಪಿದೆ. ಹೇಗೆ?

ಮೊದಲು ಒಂದನ್ನು ನೋಡಿ: ನೀವು ಕ್ಲಿಕ್ ಮಾಡಿದ್ದು ಯಾವುದರ ಮೇಲೆ?

ಸಿಮ್ಯುಲೇಷನ್ ಫೈಲಿನಲ್ಲಿ ಒಂದೇ ಜಾಗದಲ್ಲಿ ಮೂರು ಆಕಾರಗಳು ಕೂತಿರುತ್ತವೆ. ಒಂದು, ಕಚ್ಚಾ ಸ್ಟಾಕ್, ಅಂದರೆ ಕಟ್ ಮಾಡುವ ಮುಂಚಿನ ತುಂಡು. ಎರಡು, ಪ್ರೋಗ್ರಾಂ ಓಡಿದ ಮೇಲೆ ಆ ಸ್ಟಾಕಿನಲ್ಲಿ ಉಳಿದ ಭಾಗ. ಮೂರು, ಹೋಲಿಕೆಗೆ ತಂದಿಟ್ಟ ಡಿಸೈನ್ ಮಾಡೆಲ್. ನೀವು ಅಳೆಯಬೇಕಾದ್ದು ಎರಡನೆಯದನ್ನು. ಆದರೆ ಡಿಸೈನ್ ಮಾಡೆಲ್ ಕೂಡ ಪರದೆಯ ಮೇಲೆ ತೆರೆದಿದ್ದರೆ ಕ್ಲಿಕ್ಕು ಅದರ ಮೇಲೆ ಬೀಳುವುದು ತುಂಬ ಸುಲಭ. ಆಗ ನೀವು ಡ್ರಾಯಿಂಗನ್ನು ಡ್ರಾಯಿಂಗಿನ ಜೊತೆಗೇ ಹೋಲಿಸಿದಂತೆ. ಉತ್ತರ ಯಾವತ್ತೂ ಸರಿಯಾಗಿಯೇ ಇರುತ್ತದೆ, ಎರಡು ದಶಾಂಶದವರೆಗೂ ಸೊನ್ನೆ ಸೊನ್ನೆ.

ನಾನೂ ಒಮ್ಮೆ ಇಡೀ ಮಧ್ಯಾಹ್ನ ಹೀಗೆ ಅಳೆದು, ಎಲ್ಲ ಸರಿ ಎಂದು ಬರೆದು ಕೊಟ್ಟಿದ್ದೇನೆ. ಮೊದಲ ಜಾಬ್ ಹೊರಗೆ ಬಂದ ಮೇಲೆ ಗೊತ್ತಾಯಿತು. ಅಂದಿನಿಂದ ಒಂದು ಅಭ್ಯಾಸ: ಅಳೆಯುವ ಮುಂಚೆ ಡಿಸೈನ್ ಮಾಡೆಲನ್ನು ಮರೆಮಾಡುವುದು. ಜಾಬನ್ನು ಹಿಡಿದಿಡುವ ಫಿಕ್ಸ್ಚರ್, ಕ್ಲ್ಯಾಂಪ್, ವೈಸ್ ಕೂಡ ಮರೆಮಾಡಿ. ಜಾಬಿನ ತಳದ ಬದಲು ವೈಸಿನಲ್ಲಿ ಜಾಬಿನ ಅಡಿಗೆ ಇಡುವ ಪ್ಯಾರಲಲ್ ಬ್ಲಾಕಿನ ಮೇಲೆ ಕ್ಲಿಕ್ ಮಾಡಿ ದಪ್ಪ ಅಳೆದವರೂ ಇದ್ದಾರೆ.

ಏನೇನು ಅಳೆಯಬಹುದು?

ಎರಡು ಮುಖಗಳ ಅಂತರ, ಕೋನ, ತೂತಿನ ವ್ಯಾಸ ಮತ್ತು ಆಳ, ಮೂಲೆಯ ರೇಡಿಯಸ್, ಗೋಡೆಯ ದಪ್ಪ, ಉಳಿದ ಲೋಹದ ಗಾತ್ರ (ಘನಫಲ) ಇವಿಷ್ಟು ಹೆಚ್ಚಿನ ಕಡೆ ಸಿಗುತ್ತವೆ. 1988ರಿಂದ ಈ ಕ್ಷೇತ್ರದಲ್ಲಿರುವ ಸಿಜಿಟೆಕ್ ಕಂಪನಿಯ ವೆರಿಕಟ್ ಸಾಫ್ಟ್‌ವೇರ್‌ನಲ್ಲಿ ಇದರ ಹೆಸರು ಎಕ್ಸ್-ಕ್ಯಾಲಿಪರ್. ಬೇರೆಯವರು ಸುಮ್ನೆ ಮೆಷರ್ ಅನ್ನುತ್ತಾರೆ.

ಜನ ಬಳಸದೇ ಬಿಡುವ ಒಂದು ಸೌಲಭ್ಯ ಇದೆ. ಅದೇ ನನಗೆ ಎಲ್ಲಕ್ಕಿಂತ ಪ್ರಿಯ. ಕಟ್ ಆದ ಯಾವುದೋ ಮುಖದ ಮೇಲೆ ಕ್ಲಿಕ್ ಮಾಡಿದರೆ, ಆ ಮುಖವನ್ನು ಯಾವ ಟೂಲ್, ಪ್ರೋಗ್ರಾಮಿನ ಯಾವ ಬ್ಲಾಕಿನಲ್ಲಿ (ಸಾಲಿನಲ್ಲಿ) ಕಟ್ ಮಾಡಿತು ಎಂದು ಹೇಳುತ್ತದೆ. ಗೋಡೆಯ ಮೇಲೆ ಒಂದು ಸಣ್ಣ ಮೆಟ್ಟಿಲು ಕಂಡಿತು ಅನ್ನಿ. ಅಂತರ ಅಳೆದರೆ 0.08 ಅಂತ ಗೊತ್ತಾಗುತ್ತದೆ. ಬ್ಲಾಕ್ ಕೇಳಿದರೆ ಮೇಲಿನ ಅರ್ಧವನ್ನು ಒಂದು ಟೂಲ್, ಕೆಳಗಿನ ಅರ್ಧವನ್ನು ಇನ್ನೊಂದು ಟೂಲ್ ಕಟ್ ಮಾಡಿದೆ ಅಂತ ಗೊತ್ತಾಗುತ್ತದೆ. ರಿಪೇರಿಗೆ ಬೇಕಾದ್ದು ಈ ಎರಡನೆಯ ಮಾತು.

50 ಮಿ.ಮೀ. ಬೋರ್ (ದುಂಡು ತೂತು) ಅಳೆದರೆ 49.95 ತೋರಿಸುತ್ತದೆ. ಪ್ರೋಗ್ರಾಂ ತಪ್ಪೇ?

ಪ್ರೋಗ್ರಾಂ ತಪ್ಪಿರಬಹುದು. ಆದರೆ ಮೊದಲು ಪರದೆಯ ಮೇಲಿನ ಬೋರ್ ಎಷ್ಟು ದುಂಡಗಿದೆ ನೋಡಿ.

ತುಂಬ ಸಾಫ್ಟ್‌ವೇರ್‌ಗಳು ಬಾಗಿದ ಮೇಲ್ಮೈಯನ್ನು ಚಪ್ಪಟೆ ತ್ರಿಕೋನಗಳಿಂದ ಕಟ್ಟುತ್ತವೆ. ಹಾಗಾಗಿ ನಿಮ್ಮ ದುಂಡು ಬೋರ್ ಅಲ್ಲಿ ನಿಜಕ್ಕೂ ಹಲವು ಪಕ್ಕಗಳಿರುವ ಒಂದು ಆಕಾರ. 50 ಮಿ.ಮೀ. ವೃತ್ತವನ್ನು 72 ಪಕ್ಕಗಳಿಂದ ಕಟ್ಟಿದರೆ, ಮೂಲೆಯಿಂದ ಎದುರು ಮೂಲೆಗೆ 50.00 ಬರುತ್ತದೆ. ಒಂದು ಪಕ್ಕದ ನಡುವಿನಿಂದ ಎದುರು ಪಕ್ಕದ ನಡುವಿಗೆ ಅಳೆದರೆ 49.95. ಪಕ್ಕಗಳು 36 ಮಾತ್ರ ಇದ್ದರೆ 49.81. ಅದೇ 180 ಪಕ್ಕ ಇದ್ದರೆ 49.99. ಲೋಹದಲ್ಲಿ ಏನೂ ಬದಲಾಗಿಲ್ಲ, ಚಿತ್ರ ಬಿಡಿಸಿದ ರೀತಿ ಬದಲಾಗಿದೆ ಅಷ್ಟೇ.

ಪರಿಹಾರ ಎರಡು. ಸಾಫ್ಟ್‌ವೇರ್ ಅದನ್ನು ಸಿಲಿಂಡರ್ ಎಂದು ಗುರುತಿಸುವುದಾದರೆ ಬಿಂದುವಿನಿಂದ ಬಿಂದುವಿಗೆ ಅಳೆಯಬೇಡಿ, ವ್ಯಾಸ ಅಳೆಯುವ ಆಯ್ಕೆಯನ್ನೇ ಬಳಸಿ. ಅದು ಟೂಲ್ ಸಾಗಿದ ದಾರಿಯಿಂದ ಲೆಕ್ಕ ಹಾಕುತ್ತದೆ. ಗುರುತಿಸದಿದ್ದರೆ ಸಿಮ್ಯುಲೇಷನ್ ಟಾಲರೆನ್ಸ್, ಅಂದರೆ ಚಿತ್ರ ನಿಜವಾದ ಆಕಾರದಿಂದ ಎಷ್ಟು ತಪ್ಪಬಹುದು ಎಂಬ ಮಿತಿಯನ್ನು, ಬಿಗಿ ಮಾಡಿ ಮತ್ತೊಮ್ಮೆ ಓಡಿಸಿ. ಅಳತೆ 50ರ ಹತ್ತಿರ ಸರಿದರೆ ಚಿತ್ರದ ದೋಷ. 49.95ರಲ್ಲೇ ಗಟ್ಟಿಯಾಗಿ ನಿಂತರೆ ಪ್ರೋಗ್ರಾಂ ತೆರೆದು ನೋಡುವ ಹೊತ್ತು ಬಂದಿದೆ.

ಇನ್ನೊಂದು ಬಗೆಯ ಸಾಫ್ಟ್‌ವೇರ್ ಜಾಬನ್ನು ನಿಲ್ಲಿಸಿದ ಕಡ್ಡಿಗಳ ಕಟ್ಟಿನಂತೆ ನೆನಪಿಟ್ಟುಕೊಳ್ಳುತ್ತದೆ. ಟೂಲ್ ಹೋದ ಕಡೆ ಕಡ್ಡಿಯ ತುದಿ ಕತ್ತರಿಸುತ್ತಾ ಹೋಗುತ್ತದೆ. ಇದು ವೇಗ. ಸಮತಟ್ಟಾದ ತಳದ ಆಳ ಚೆನ್ನಾಗಿಯೇ ಬರುತ್ತದೆ. ನೇರ ನಿಂತ ಗೋಡೆಯ ಜಾಗ ಮಾತ್ರ ಎರಡು ಕಡ್ಡಿಗಳ ನಡುವೆ ಎಲ್ಲೋ ಬೀಳುತ್ತದೆ. ಒಂದೇ ದಿಕ್ಕಿನ ಕಡ್ಡಿಗೆ ಒಂದೇ ಎತ್ತರ ನೆನಪಿಡುವ ಸರಳ ಬಗೆಯಾದರೆ ಅಂಡರ್‌ಕಟ್ (ಮೇಲಿನ ಲೋಹದ ಅಡಿಗೆ ಒಳಸರಿದ ಕಟ್) ಅದಕ್ಕೆ ಕಾಣುವುದೇ ಇಲ್ಲ. ನಿಮ್ಮದು ಯಾವ ಬಗೆ ಎಂದು ತಿಳಿದುಕೊಳ್ಳಿ.

ಹಾಗಾದರೆ ಸಿಮ್ಯುಲೇಷನ್ ಟಾಲರೆನ್ಸ್ ಎಷ್ಟು ಇಡಬೇಕು?

ಡ್ರಾಯಿಂಗಿನಲ್ಲಿರುವ ಅತಿ ಬಿಗಿ ಟಾಲರೆನ್ಸಿನ (ಜಾಬಿನ ಅಳತೆ ಎಷ್ಟು ತಪ್ಪಬಹುದು ಎಂಬ ಮಿತಿಯ) ಐದರಲ್ಲಿ ಒಂದು ಭಾಗ, ಸಾಧ್ಯವಾದರೆ ಹತ್ತರಲ್ಲಿ ಒಂದು ಭಾಗ. ಇದು ನಾನು ಪಾಲಿಸುವ ಲೆಕ್ಕ. 0.1 ಟಾಲರೆನ್ಸ್ ಇರುವ ಜಾಗಕ್ಕೆ 0.01 ಸಾಕು.

ಇಡೀ ಜಾಬಿಗೆ 0.002 ಇಟ್ಟು ಕಂಪ್ಯೂಟರನ್ನು ರಾತ್ರಿಯೆಲ್ಲ ಒದ್ದಾಡಿಸುವುದು ಬೇಡ. ರಫಿಂಗ್ (ಮೊದಲ ಒರಟು ಕಟ್) ಸಡಿಲ ಟಾಲರೆನ್ಸಿನಲ್ಲಿ ಓಡಲಿ. ಬೇರಿಂಗ್ ಕೂರುವ ಬೋರ್ ಇದೆ ಅಂದರೆ ಆ ಭಾಗವನ್ನು ಮಾತ್ರ ಬಿಗಿ ಮಾಡಿ ಓಡಿಸಿ.

ಒಂದೇ ಅಂತರವನ್ನು ಎರಡು ಸಲ ಅಳೆದರೆ ಎರಡು ಉತ್ತರ ಬರುತ್ತದೆ.

ಬಿಂದುವಿನಿಂದ ಬಿಂದುವಿಗೆ ಅಳೆಯುತ್ತಿದ್ದೀರಿ. ಎಕ್ಸ್ ದಿಕ್ಕಿನಲ್ಲಿ 30 ಮಿ.ಮೀ. ದೂರ ಇರುವ ಎರಡು ಗೋಡೆಗಳು ಅನ್ನಿ. ಒಂದರ ಮೇಲೆ ಕ್ಲಿಕ್ ಮಾಡಿದ ಜಾಗ ಇನ್ನೊಂದಕ್ಕಿಂತ 4 ಮಿ.ಮೀ. ಮೇಲಿದ್ದರೆ ಓರೆ ಅಂತರ 30.27 ಬರುತ್ತದೆ. ಮುಖದಿಂದ ಮುಖಕ್ಕೆ ಅಳೆಯಿರಿ, ಅಥವಾ ಉತ್ತರದ ಎಕ್ಸ್, ವೈ, ಝಡ್ ಪಾಲುಗಳನ್ನು ಬೇರೆ ಬೇರೆ ಓದಿ. ವರ್ನಿಯರನ್ನು ಓರೆ ಹಿಡಿದು ಅಳೆದಂತೆ ಇದು. ಕೈಯಲ್ಲಿ ಹಿಡಿದಾಗ ಓರೆ ಗೊತ್ತಾಗುತ್ತದೆ, ಪರದೆಯ ಮೇಲೆ ಗೊತ್ತಾಗುವುದಿಲ್ಲ.

ಎಲ್ಲ ಅಂತರಗಳೂ ಸರಿ. ಆದರೆ ಬಿಂದುವಿನ ಎಕ್ಸ್, ವೈ ಮೌಲ್ಯ ಡ್ರಾಯಿಂಗಿಗೆ ಹೊಂದುವುದಿಲ್ಲ.

ಸೊನ್ನೆ ಎಲ್ಲಿದೆ ನೋಡಿ. ಮೆಷಿನ್‌ಗೆ ಒಂದು ಸೊನ್ನೆ, ಜಾಬಿನ ಸೊನ್ನೆಯನ್ನು ಹೇಳುವ ಜಿ54ಕ್ಕೆ ಒಂದು, ಡಿಸೈನ್ ಮಾಡೆಲಿಗೆ ಇನ್ನೊಂದು. ಅಳತೆಯ ಕಿಟಕಿಯಲ್ಲಿ ಯಾವ ಕೋಆರ್ಡಿನೇಟ್ ಸಿಸ್ಟಮ್ ಆಯ್ಕೆಯಾಗಿದೆಯೋ ಸಂಖ್ಯೆ ಅದರ ಲೆಕ್ಕದಲ್ಲಿ ಬರುತ್ತದೆ. ಡ್ರಾಯಿಂಗಿನ ಡೇಟಂಗೆ (ಅಳತೆ ಶುರುವಾಗುವ ಜಾಗಕ್ಕೆ) ಹೊಂದುವ ಸಿಸ್ಟಮ್ಮನ್ನು ಆರಿಸಿಕೊಂಡು ಮತ್ತೆ ಕ್ಲಿಕ್ ಮಾಡಿ.

ಹೋಲಿಕೆ ಎಂದರೇನು? ಬಿಡಿ ಬಿಡಿಯಾಗಿ ಅಳೆಯುವುದಕ್ಕಿಂತ ಒಳ್ಳೆಯದೇ?

ಕಟ್ ಆದ ಜಾಬನ್ನು ಡಿಸೈನ್ ಮಾಡೆಲಿನ ಮೇಲೆ ಕೂರಿಸಿ, ಎಲ್ಲೆಲ್ಲಿ ವ್ಯತ್ಯಾಸ ಇದೆ ಎಂದು ಬಣ್ಣ ಹಚ್ಚಿ ತೋರಿಸುವುದಕ್ಕೆ ಹೋಲಿಕೆ ಅನ್ನುತ್ತೇವೆ. ವೆರಿಕಟ್‌ನಲ್ಲಿ ಆಟೋ-ಡಿಫ್ ಅಂತಾರೆ, ಬೇರೆ ಕಡೆ ಕಂಪೇರ್ ಅಂತ ಇರುತ್ತದೆ. ತೋರಿಸುವುದು ಎರಡು ಬಗೆಯ ತಪ್ಪು. ಜಾಸ್ತಿ ಕಟ್ ಆದದ್ದು, ಅಂದರೆ ಗೌಜ್. ಕಟ್ ಆಗದೆ ಉಳಿದದ್ದು, ಅಂದರೆ ಉಳಿಕೆ. ಉಳಿಕೆಯನ್ನು ಇನ್ನೊಂದು ಪಾಸ್ ಹಾಕಿ ತೆಗೆಯಬಹುದು. ಗೌಜ್ ಆದ ಲೋಹ ಮರಳಿ ಬರುವುದಿಲ್ಲ. ಹಾಗಾಗಿ ಮೊದಲು ಗೌಜ್ ನೋಡಿ.

ಬಿಡಿ ಅಳತೆಯಲ್ಲಿ ಒಂದು ಕೊರತೆ ಇದೆ: ನಿಮಗೆ ಅನುಮಾನ ಬಂದ ಜಾಗವನ್ನು ಮಾತ್ರ ಅಳೆಯುತ್ತೀರಿ. ಟೂಲ್ ಮೇಲೇಳುವಾಗ ಯಾವುದೋ ಪಕ್ಕೆಯನ್ನು 0.3 ಮಿ.ಮೀ. ಸವರಿಕೊಂಡು ಹೋದರೆ, ಆ ಪಕ್ಕೆಯನ್ನು ಅಳೆಯಬೇಕೆಂದು ಯಾರಿಗೆ ಹೊಳೆಯುತ್ತದೆ? ಹೋಲಿಕೆ ಇಡೀ ಮೇಲ್ಮೈ ನೋಡುತ್ತದೆ. ನನ್ನ ಕ್ರಮ ಹೀಗೆ: ಮೊದಲು ಹೋಲಿಕೆ, ಬಣ್ಣ ಬಂದ ಜಾಗದಲ್ಲಿ ಅಳತೆ, ಆಮೇಲೆ ಡ್ರಾಯಿಂಗಿನ ಮುಖ್ಯ ಅಳತೆಗಳನ್ನು ಒಂದೊಂದಾಗಿ ಕೈಯಲ್ಲೇ.

ಕೈಯಲ್ಲೇ ಯಾಕೆ ಅಂದರೆ, ಹೋಲಿಕೆಗೂ ಒಂದು ಕುರುಡು ಜಾಗ ಇದೆ. ಡಿಸೈನ್ ಮಾಡೆಲ್ಲೇ ಹಳೆಯ ಆವೃತ್ತಿಯದಾಗಿದ್ದರೆ? ಪ್ರೋಗ್ರಾಂ ಮಾಡಿದ್ದೂ ಅದರಿಂದ, ಹೋಲಿಸಿದ್ದೂ ಅದರ ಜೊತೆಗೇ. ಎಲ್ಲ ಹಸಿರು ಕಾಣುತ್ತದೆ. ಹೊಸ ಡ್ರಾಯಿಂಗಿನ ಕಾಗದ ಕೈಯಲ್ಲಿ ಹಿಡಿದು ನಾಲ್ಕು ಅಳತೆ ನೋಡಿದರೆ ಅದು ಸಿಕ್ಕಿಬೀಳುತ್ತದೆ.

ಹೋಲಿಕೆ ಮಾಡಿದರೆ ಇಡೀ ಜಾಬ್ ಬಣ್ಣ ಬಣ್ಣ ಆಗುತ್ತದೆ.

ಇಡೀ ಜಾಬ್ ತಪ್ಪಾಗಿ ಕಂಡರೆ ಬಹುಪಾಲು ಜಾಬ್ ತಪ್ಪಿರುವುದಿಲ್ಲ. ನೋಡಬೇಕಾದ್ದು ಇವು.

ಯೂನಿಟ್. ಮಾಡೆಲ್ ಕಳಿಸಲು ಬಳಸುವ ಎಸ್‌ಟಿಎಲ್ ಫೈಲಿನಲ್ಲಿ ಯೂನಿಟ್ ಅನ್ನುವುದೇ ಇಲ್ಲ, ಬರೀ ಸಂಖ್ಯೆ ಇರುತ್ತದೆ. ಇಂಚಿನಲ್ಲಿ ಕಳಿಸಿದ್ದನ್ನು ಮಿ.ಮೀ. ಅಂತ ತೆರೆದರೆ ಮಾಡೆಲ್ 25.4 ಪಟ್ಟು ಚಿಕ್ಕದಾಗುತ್ತದೆ. ಇದು ಕಣ್ಣಿಗೆ ಬೀಳುವ ತಪ್ಪು, ಹಾಗಾಗಿ ಅಪಾಯ ಕಡಿಮೆ.

ಜಾಗ. ಮಾಡೆಲ್ ಸ್ವಲ್ಪವೇ ಸರಿದು ಕೂತಿದ್ದರೆ ಅಪಾಯ ಜಾಸ್ತಿ. ಒಂದು ಪಕ್ಕದ ಗೋಡೆಗಳೆಲ್ಲ ಗೌಜ್, ಎದುರು ಪಕ್ಕದ ಗೋಡೆಗಳೆಲ್ಲ ಅಷ್ಟೇ ಪ್ರಮಾಣದ ಉಳಿಕೆ ಅಂತ ಕಂಡರೆ ಬಹುತೇಕ ಇದೇ ಕಾರಣ. ಆದರೆ ಮಾಡೆಲನ್ನು ಸರಿಸಿ ಹಸಿರು ಮಾಡಿಬಿಡುವ ಮುಂಚೆ ಯೋಚಿಸಿ. ಸರಿದಿರುವುದು ಮಾಡೆಲೋ, ಪ್ರೋಗ್ರಾಮಿನ ಆಫ್‌ಸೆಟ್ಟೋ (ಸೊನ್ನೆಯ ಜಾಗವೋ)? ಆಫ್‌ಸೆಟ್ ಆಗಿದ್ದರೆ ಹೋಲಿಕೆ ಹೇಳಿದ್ದೇ ನಿಜ, ಸರಿಸಿದ ನೀವು ಅದರ ಬಾಯಿ ಮುಚ್ಚಿಸಿದಿರಿ.

ಟಾಲರೆನ್ಸ್. ಸಿಮ್ಯುಲೇಷನ್ 0.02ರಲ್ಲಿ ಓಡಿದೆ, ಹೋಲಿಕೆಗೆ 0.01 ಕೇಳಿದ್ದೀರಿ. ಆಗ ನೀವು ನೋಡುತ್ತಿರುವುದು ತ್ರಿಕೋನಗಳ ಗುರುತನ್ನು, ಟೂಲಿನ ಗುರುತನ್ನಲ್ಲ.

ನಾಮಿನಲ್ ಅಳತೆ, ಅಂದರೆ ಟಾಲರೆನ್ಸ್ ಸೇರಿಸದ ಮೂಲ ಅಳತೆ. ಇದರ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಡ್ರಾಯಿಂಗಿನಲ್ಲಿ ಅಗಲ 40, ಟಾಲರೆನ್ಸ್ ಮೈನಸ್ 0.05ರಿಂದ ಮೈನಸ್ 0.15 ಅನ್ನಿ. ಮಾಡೆಲನ್ನು 40ಕ್ಕೆ ಬಿಡಿಸಿರುತ್ತಾರೆ. ಅನುಭವ ಇರುವ ಪ್ರೋಗ್ರಾಮರ್ ನಡುವಿನ 39.90ಕ್ಕೆ ಕಟ್ ಮಾಡುತ್ತಾನೆ. ಹೋಲಿಕೆ ಎರಡೂ ಪಕ್ಕ 0.05 ಗೌಜ್ ಎಂದು ಕೂಗುತ್ತದೆ. ಜಾಬ್ ಸರಿ, ಪ್ರೋಗ್ರಾಮರ್ ಸರಿ, ಹೋಲಿಸಿದ ಮಾಡೆಲ್ ತಪ್ಪು. ಎಚ್7 ಎಂಬ ಟಾಲರೆನ್ಸ್ ಗುರುತಿರುವ 50ರ ಬೋರಿನ ಕಥೆಯೂ ಇದೇ, ಅದರ ಟಾಲರೆನ್ಸ್ ಸೊನ್ನೆಯಿಂದ ಪ್ಲಸ್ 0.025. ಇಂಥ ಜಾಬುಗಳು ಪದೇ ಪದೇ ಬರುವುದಾದರೆ ಮುಖ್ಯ ಮುಖಗಳನ್ನು ಟಾಲರೆನ್ಸಿನ ನಡುವಿಗೆ ತಂದ ಒಂದು ಮಾಡೆಲನ್ನು ಹೋಲಿಕೆಗೆಂದೇ ಮಾಡಿಸಿಕೊಳ್ಳಿ.

ರಫಿಂಗ್ ಆದ ಮೇಲೆ ಹೋಲಿಕೆ ಮಾಡುವುದರಲ್ಲಿ ಅರ್ಥ ಇದೆಯೇ?

ಇದೆ. ಫಿನಿಶಿಂಗ್‌ಗೆ (ಕೊನೆಯ ನಯ ಕಟ್‌ಗೆ) 0.5 ಮಿ.ಮೀ. ಬಿಟ್ಟಿದ್ದರೆ ಮಾಡೆಲಿಗೆ ಅಷ್ಟೇ ಆಫ್‌ಸೆಟ್ ಕೊಟ್ಟು, ಅಂದರೆ ಅಷ್ಟು ದಪ್ಪ ಮಾಡಿ, ಹೋಲಿಸಿ. ಮೂಲೆಗಳಲ್ಲಿ ಎಷ್ಟು ಉಳಿದಿದೆ ನೋಡುವುದು ಮುಖ್ಯ. ಗೋಡೆಯ ಮೇಲೆ 0.5 ಇದ್ದು ಮೂಲೆಯಲ್ಲಿ 3 ಮಿ.ಮೀ. ಇದ್ದರೆ ಫಿನಿಶಿಂಗ್ ಟೂಲ್ ಅಲ್ಲಿಗೆ ಹೋಗಿ ಮುರಿಯುತ್ತದೆ.

ಬಾಲ್ ನೋಸ್ (ತುದಿ ಗುಂಡಗಿರುವ ಟೂಲ್) ಬಿಟ್ಟುಹೋಗುವ ಏಣುಗಳ ಎತ್ತರವನ್ನು ಅಳೆಯಬಹುದೇ?

ಅಳೆಯಬಹುದು, ಆದರೆ ಕಾಗದದ ಮೇಲೆ ಲೆಕ್ಕ ಹಾಕುವುದು ಇನ್ನೂ ಸುಲಭ. ಸಮತಟ್ಟಾದ ಜಾಗದಲ್ಲಿ, ಸ್ಟೆಪ್‌ಓವರನ್ನು (ಒಂದು ಪಾಸಿನಿಂದ ಪಕ್ಕದ ಪಾಸಿಗೆ ಇರುವ ದೂರವನ್ನು) ಅದರಿಂದಲೇ ಗುಣಿಸಿ, ಟೂಲ್ ರೇಡಿಯಸ್‌ನ 8 ಪಟ್ಟಿನಿಂದ ಭಾಗಿಸಿ. 10 ಮಿ.ಮೀ. ಬಾಲ್ ನೋಸ್, 0.5 ಸ್ಟೆಪ್‌ಓವರ್ ಇದ್ದರೆ ಏಣು ಸುಮಾರು 6 ಮೈಕ್ರಾನ್. ಸ್ಟೆಪ್‌ಓವರ್ 1 ಮಿ.ಮೀ. ಮಾಡಿದರೆ 25 ಮೈಕ್ರಾನ್. ಸ್ಟೆಪ್‌ಓವರ್ ಎರಡು ಪಟ್ಟು, ಏಣು ನಾಲ್ಕು ಪಟ್ಟು.

ಈ ಲೆಕ್ಕ ಗೊತ್ತಿದ್ದರೆ ಇನ್ನೊಂದು ಲಾಭ. ಸಿಮ್ಯುಲೇಷನ್ ಟಾಲರೆನ್ಸ್ 0.02 ಇದ್ದರೆ 6 ಮೈಕ್ರಾನಿನ ಏಣು ಅದರಲ್ಲಿ ಮುಳುಗಿಹೋಗುತ್ತದೆ. ಪರದೆಯ ಮೇಲೆ ನುಣುಪಾಗಿ ಕಂಡದ್ದಕ್ಕೆ ಮೆಚ್ಚಿಕೊಳ್ಳುವ ಮುಂಚೆ ಅದು ನೆನಪಿರಲಿ.

ಒಳಗಿನ ಗೋಡೆಯ ದಪ್ಪ ನೋಡುವುದು ಹೇಗೆ?

ಸೆಕ್ಷನ್ ತೆಗೆಯಿರಿ. ಜಾಬನ್ನು ಒಂದು ಸಮತಲದಲ್ಲಿ ಕೊಯ್ದು, ಕೊಯ್ದ ಮುಖದ ಮೇಲೆ ಅಳೆಯುವುದು. ಎದುರುಬದುರು ಪಕ್ಕಗಳಿಂದ ತೂತು ಬರುವ ಜಾಬುಗಳಲ್ಲಿ, ಕೂಲಂಟ್ ದಾರಿಗಳು ಅಡ್ಡಾದಿಡ್ಡಿ ಹೋಗುವ ಜಾಬುಗಳಲ್ಲಿ ಇದು ಬೇಕೇ ಬೇಕು. ಸೆಕ್ಷನ್ನನ್ನು ಗೋಡೆಗೆ ಲಂಬವಾಗಿ ತೆಗೆಯಿರಿ. ಓರೆಯಾಗಿ ಕೊಯ್ದರೆ ತೆಳು ಗೋಡೆಯೂ ದಪ್ಪ ಕಾಣುತ್ತದೆ. 30 ಡಿಗ್ರಿ ಓರೆಯಲ್ಲಿ 3 ಮಿ.ಮೀ. ಗೋಡೆ ಸುಮಾರು 3.46 ಅಂತ ತೋರಿಸುತ್ತದೆ.

ಗಾತ್ರದ ಅಳತೆಯಿಂದ ಏನು ಉಪಯೋಗ?

ತೂಕ ಸಿಗುತ್ತದೆ. 100, 80, 40 ಮಿ.ಮೀ.ಯ ಅಲ್ಯೂಮಿನಿಯಂ ತುಂಡು 320 ಸಿಸಿ. ಸಿಸಿಗೆ 2.7 ಗ್ರಾಂ ಲೆಕ್ಕದಲ್ಲಿ 864 ಗ್ರಾಂ. ಕಟ್ ಆದ ಮೇಲೆ 190 ಸಿಸಿ ಉಳಿದರೆ ಜಾಬ್ 513 ಗ್ರಾಂ, ಚಿಪ್ 351 ಗ್ರಾಂ. ಉಕ್ಕಾದರೆ ಸಿಸಿಗೆ 7.85 ಗ್ರಾಂ ಹಿಡಿಯಿರಿ. ಹೊರಗೆ ಬಂದ ಜಾಬನ್ನು ತಕ್ಕಡಿಗೆ ಹಾಕಿ ನೋಡುವುದು ಒಂದು ಒರಟು ಪರೀಕ್ಷೆ. ಒಂದು ಪಾಕೆಟ್ಟೇ ಬಿಟ್ಟುಹೋಗಿದ್ದರೆ ಅಷ್ಟರಲ್ಲೇ ಗೊತ್ತಾಗುತ್ತದೆ.

ಡಿಕ್ಕಿ ಆಗಲಿಲ್ಲ ಎಂದು ಬಂದಿದೆ. ಎಷ್ಟು ಅಂತರದಲ್ಲಿ ತಪ್ಪಿತು ಎಂದು ತಿಳಿಯುವುದು ಹೇಗೆ?

ಡಿಕ್ಕಿ ಪರೀಕ್ಷೆಗೆ ಒಂದು ಸುರಕ್ಷತಾ ಅಂತರ ಕೊಡುವ ಜಾಗ ಇರುತ್ತದೆ. ಅಲ್ಲಿ ಸೊನ್ನೆ ಇದ್ದರೆ ಟೂಲ್ ಹಿಡಿಯುವ ಹೋಲ್ಡರ್ ಕ್ಲ್ಯಾಂಪಿನಿಂದ ಕೂದಲೆಳೆ ದೂರದಲ್ಲಿ ಹೋದರೂ ಸಾಫ್ಟ್‌ವೇರ್ ಸುಮ್ಮನಿರುತ್ತದೆ. ನಾನು ಹೋಲ್ಡರಿಗೂ ಫಿಕ್ಸ್ಚರಿಗೂ ನಡುವೆ 2 ಮಿ.ಮೀ. ಇಡುತ್ತೇನೆ. ಕ್ಲ್ಯಾಂಪನ್ನು ಕೈಯಲ್ಲಿ ಬಿಗಿಯುವ ಕಡೆ ಇನ್ನೂ ಜಾಸ್ತಿ. ಆಪರೇಟರ್ ಪ್ರತಿ ಸಲ ಅದೇ ಜಾಗದಲ್ಲಿ ಕ್ಲ್ಯಾಂಪ್ ಹಾಕುತ್ತಾನೆ ಅಂತ ಹೇಳುವುದಕ್ಕಾಗುವುದಿಲ್ಲ.

ಇದರ ಜೊತೆಗೇ ಜಿ00 ವಿಷಯ, ಅಂದರೆ ಕಟ್ ಮಾಡದೆ ವೇಗವಾಗಿ ಸಾಗುವ ರ‍್ಯಾಪಿಡ್ ಚಲನೆ. ಕೆಲವು ಮೆಷಿನ್‌ಗಳಲ್ಲಿ ರ‍್ಯಾಪಿಡ್ ನೇರ ಗೆರೆಯಲ್ಲಿ ಹೋಗುವುದಿಲ್ಲ. ಪ್ರತಿ ಆಕ್ಸಿಸ್ ತನ್ನ ಪೂರ್ತಿ ವೇಗದಲ್ಲಿ ಓಡಿ, ಮೊದಲು ಮುಗಿದದ್ದು ನಿಲ್ಲುತ್ತದೆ. ಎಕ್ಸ್ 300, ವೈ 100 ದೂರ ಹೋಗಬೇಕು, ಎರಡರ ವೇಗವೂ ಒಂದೇ ಅನ್ನಿ. ನೇರ ಗೆರೆಯಾದರೆ ಎಕ್ಸ್ 100 ತಲುಪಿದಾಗ ವೈ 33ರಲ್ಲಿ ಇರುತ್ತಿತ್ತು. ಈ ಮೆಷಿನ್‌ನಲ್ಲಿ ವೈ ಆಗಲೇ 100ರಲ್ಲಿ ಇರುತ್ತದೆ. ನಡುವಿನ 67 ಮಿ.ಮೀ. ಜಾಗದಲ್ಲಿ ಒಂದು ಕ್ಲ್ಯಾಂಪ್ ಇದ್ದರೆ? ಸಿಮ್ಯುಲೇಷನ್‌ನಲ್ಲಿ ನಿಮ್ಮ ಕಂಟ್ರೋಲರಿನ ರ‍್ಯಾಪಿಡ್ ಬಗೆಯನ್ನು ಸರಿಯಾಗಿ ಆರಿಸದಿದ್ದರೆ ಈ ಡಿಕ್ಕಿ ಪರದೆಯ ಮೇಲೆ ಬರುವುದೇ ಇಲ್ಲ.

ಸಿಮ್ಯುಲೇಷನ್ ಹೇಳಿದ ಸೈಕಲ್ ಟೈಮಿಗಿಂತ (ಒಂದು ಜಾಬ್ ಮುಗಿಯುವ ಸಮಯಕ್ಕಿಂತ) ಮೆಷಿನ್ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ.

ಸರಳ ಲೆಕ್ಕದಲ್ಲಿ ದೂರವನ್ನು ಫೀಡಿನಿಂದ (ಟೂಲ್ ಕಟ್ ಮಾಡುತ್ತಾ ಸಾಗುವ ವೇಗದಿಂದ) ಭಾಗಿಸುತ್ತಾರೆ ಅಷ್ಟೇ. ಟೂಲ್ ಬದಲಿಸುವ ಸಮಯ ಸೇರಿದೆಯೇ ನೋಡಿ. ಒಂದಕ್ಕೆ 6 ಸೆಕೆಂಡಿನಂತೆ 24 ಸಲ ಬದಲಾದರೆ 144 ಸೆಕೆಂಡ್ ಅಲ್ಲೇ ಹೋಯಿತು.

ಎರಡನೆಯದು, ಮೆಷಿನ್ ಓಡಿದ ಕೂಡಲೇ ಪೂರ್ತಿ ವೇಗಕ್ಕೆ ಬರುವುದಿಲ್ಲ, ಮೂಲೆ ಬಂದಾಗ ನಿಧಾನ ಮಾಡುತ್ತದೆ. ಡೈ ಕೆಲಸದಂತಹ ಸಣ್ಣ ಸಣ್ಣ ಚಲನೆಯ ಪ್ರೋಗ್ರಾಮಿನಲ್ಲಿ ಇದು ತುಂಬ ದೊಡ್ಡದು. ಒಂದೊಂದು ಬ್ಲಾಕ್ 0.2 ಮಿ.ಮೀ. ಇದೆ, ಫೀಡ್ ನಿಮಿಷಕ್ಕೆ 6000 ಮಿ.ಮೀ. ಅಂದರೆ ಸೆಕೆಂಡಿಗೆ 100 ಮಿ.ಮೀ., ಒಂದು ಬ್ಲಾಕಿಗೆ 2 ಮಿಲಿಸೆಕೆಂಡ್. ಕಂಟ್ರೋಲರಿಗೆ ಒಂದು ಬ್ಲಾಕ್ ಓದಿ ಮುಗಿಸಲು 4 ಮಿಲಿಸೆಕೆಂಡ್ ಬೇಕಾದರೆ, ನೀವು ಏನೇ ಬರೆದರೂ ಮೆಷಿನ್ 3000ದ ಮೇಲೆ ಹೋಗುವುದಿಲ್ಲ. ಸಮಯ ಎರಡು ಪಟ್ಟು. ಹಳೆಯ ಕಂಟ್ರೋಲರುಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು, ಮೆಷಿನ್ ನಡುಗುತ್ತಾ ಹೋಗುತ್ತದೆ.

ಒಂದೆರಡು ಜಾಬುಗಳ ನಿಜವಾದ ಸಮಯ ಬರೆದಿಟ್ಟುಕೊಂಡು, ಸಾಫ್ಟ್‌ವೇರಿನಲ್ಲಿ ಮೆಷಿನ್ನಿನ ವೇಗವರ್ಧನೆ, ಟೂಲ್ ಬದಲಿಸುವ ಸಮಯ ತುಂಬಿಸಿ. ಆಮೇಲೆ ಬರುವ ಅಂದಾಜು ಹತ್ತಿರ ಇರುತ್ತದೆ.

ಕಟ್ಟಿಂಗ್ ವಿಶ್ಲೇಷಣೆಯ ಗ್ರಾಫ್ ನೋಡುವುದು ಹೇಗೆ?

ಮೊದಲು ಲೋಹ ತೆಗೆಯುವ ದರ. ಆಳ 5, ಅಗಲ 6, ಫೀಡ್ ನಿಮಿಷಕ್ಕೆ 800 ಆದರೆ ಮೂರನ್ನೂ ಗುಣಿಸಿ: ನಿಮಿಷಕ್ಕೆ 24 ಸಿಸಿ. ಈ ಗೆರೆ ಗ್ರಾಫಿನಲ್ಲಿ ಸಮವಾಗಿ ಹೋಗುತ್ತಿದ್ದು ಒಮ್ಮೆಲೇ ಮೇಲೆ ಹಾರಿದರೆ ಅಲ್ಲಿ ಟೂಲ್ ಕಷ್ಟಪಡುತ್ತಿದೆ. ಹೆಚ್ಚಾಗಿ ಪಾಕೆಟ್ಟಿನ ಮೂಲೆ. ಮೂಲೆಯಲ್ಲಿ ಟೂಲಿನ ಸುತ್ತಳತೆಯ ಜಾಸ್ತಿ ಭಾಗ ಲೋಹದೊಳಗೆ ಸಿಕ್ಕಿಕೊಳ್ಳುತ್ತದೆ. ಸರಾಸರಿ ನೋಡಿ ಸಮಾಧಾನ ಪಡಬೇಡಿ. ಟೂಲ್ ಮುರಿಯುವುದು ಆ ಒಂದು ಮುಳ್ಳಿನಂಥ ಏರಿಕೆಯಲ್ಲೇ.

ಎರಡನೆಯದು ಚಿಪ್ ದಪ್ಪ. ಅಗಲ ಕಡಿಮೆ ಇಟ್ಟು ಕಟ್ ಮಾಡುವಾಗ ಚಿಪ್ ನೀವು ಕೊಟ್ಟ ಹಲ್ಲಿನ ಫೀಡಿಗಿಂತ (ಟೂಲಿನ ಒಂದೊಂದು ಹಲ್ಲಿಗೆ ಸಾಗುವ ದೂರಕ್ಕಿಂತ) ತೆಳ್ಳಗಾಗುತ್ತದೆ. 10 ಮಿ.ಮೀ. ಟೂಲ್, ಅಗಲ 1 ಮಿ.ಮೀ., ಹಲ್ಲಿಗೆ 0.1 ಫೀಡ್ ಇದ್ದರೆ ಚಿಪ್ಪಿನ ಅತಿ ದಪ್ಪ ಜಾಗವೂ 0.06 ಮಾತ್ರ. ತುಂಬ ತೆಳ್ಳಗಾದರೆ ಟೂಲ್ ಕಟ್ ಮಾಡುವ ಬದಲು ಉಜ್ಜುತ್ತದೆ, ಬಿಸಿಯಾಗಿ ಬೇಗ ಸವೆಯುತ್ತದೆ. ಇಂಥ ಕಡೆ ಫೀಡ್ ಏರಿಸಬೇಕು. ಫೀಡ್ ಇಳಿಸಿದರೆ ಟೂಲ್ ಉಳಿಯುತ್ತದೆ ಎಂಬ ನಂಬಿಕೆ ಇಲ್ಲಿ ತಿರುಗುಮುರುಗಾಗುತ್ತದೆ.

ಸಿಮ್ಯುಲೇಷನ್‌ನಲ್ಲಿ 50.00, ಮೆಷಿನ್‌ನಲ್ಲಿ 50.06. ಯಾರ ಮಾತು ನಂಬುವುದು?

ಮೈಕ್ರೋಮೀಟರಿನ ಮಾತು. ಸಿಮ್ಯುಲೇಷನ್ ಲೆಕ್ಕ ಹಾಕುವುದು ಬಾಗದ ಟೂಲ್, ಸವೆಯದ ಅಂಚು, ಬಿಸಿಯಾಗದ ಲೋಹದ ಮೇಲೆ. ಅಂಥ ಮೆಷಿನ್ ಎಲ್ಲೂ ಇಲ್ಲ. ಆದರೆ ಸಿಮ್ಯುಲೇಷನ್ ಸರಿ ಇದೆ ಎಂದು ಖಾತ್ರಿ ಇದ್ದರೆ, ಆ 0.06 ಎಲ್ಲಿಂದ ಬಂತು ಎಂದು ಹುಡುಕುವ ಜಾಗ ಚಿಕ್ಕದಾಗುತ್ತದೆ.

ಮೊದಲು ಟೂಲ್ ವ್ಯಾಸ. ಲೈಬ್ರರಿಯಲ್ಲಿ 10 ಅಂತ ಇದೆ, ಸ್ಪಿಂಡಲಿನಲ್ಲಿರುವುದು ಸಾಣೆ ಹಿಡಿದ 9.8ರ ಕಟ್ಟರ್. ಕಾಂಪನ್ಸೇಷನ್ (ವ್ಯಾಸದ ವ್ಯತ್ಯಾಸಕ್ಕೆ ದಾರಿಯನ್ನು ಸರಿಸುವುದು) ಕೊಡದಿದ್ದರೆ ಪ್ರತಿ ಗೋಡೆಯಲ್ಲಿ 0.1 ಉಳಿಯುತ್ತದೆ. ಆ ಕಾಂಪನ್ಸೇಷನ್ ಚಾಲೂ ಮಾಡುವ ಜಿ41 ಇದ್ದರೆ, ಅದು ಬಳಸುವ ಡಿ ಮೌಲ್ಯ ನೋಡಿ. ಪ್ರೋಗ್ರಾಂ ಟೂಲಿನ ನಡುಗೆರೆಗೆ ಬರೆದದ್ದಾಗಿದ್ದು, ಡಿಯಲ್ಲಿ ಸವೆತ ಮಾತ್ರ ಇರಬೇಕಾದ ಕಡೆ ಪೂರ್ತಿ ರೇಡಿಯಸ್ ತುಂಬಿದರೆ ಗೋಡೆ ಒಂದು ರೇಡಿಯಸ್ಸಿನಷ್ಟೇ ಸರಿದುಹೋಗುತ್ತದೆ. ಮೆಷಿನ್‌ಗೆ ಹಾಕುವ ಮೌಲ್ಯವನ್ನೇ ಸಿಮ್ಯುಲೇಷನ್ನಿಗೂ ಹಾಕಿ.

ಆಮೇಲೆ ಟೂಲ್ ಬಾಗುವುದು. ಹೊರಗೆ ಚಾಚಿದ ಉದ್ದ 40ರಿಂದ 60 ಆದರೆ ಅದೇ ಬಲಕ್ಕೆ ಬಾಗುವುದು ಸುಮಾರು 3.4 ಪಟ್ಟು. ವ್ಯಾಸ 10ರಿಂದ 8ಕ್ಕೆ ಇಳಿದರೆ 2.4 ಪಟ್ಟು. ಆಳದ ಪಾಕೆಟ್ಟಿನ ಗೋಡೆ ಕೆಳಗೆ ಹೋದಂತೆ ಒಳಗೆ ಬಂದಿದ್ದರೆ ಇದೇ ಕಾರಣ.

ಕೊನೆಗೆ ಬಿಸಿ. ಅಳತೆಗೆ ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. 200 ಮಿ.ಮೀ. ಅಲ್ಯೂಮಿನಿಯಂ ಜಾಬ್ 10 ಡಿಗ್ರಿ ಬಿಸಿಯಾಗಿದ್ದರೆ ಸುಮಾರು 0.046 ಜಾಸ್ತಿ ಉದ್ದ ಇರುತ್ತದೆ, ಉಕ್ಕಾದರೆ 0.023. ಮೆಷಿನ್ನಿನಿಂದ ತೆಗೆದ ಕೂಡಲೇ ಅಳೆಯಬೇಡಿ.

ಹಾಗಾದರೆ ಇದು ಸಿಎಂಎಂ (ತಯಾರಾದ ಜಾಬನ್ನು ಅಳೆಯುವ ಮೆಷಿನ್) ಬದಲಿಗೆ ಆಗುತ್ತದೆಯೇ?

ಇಲ್ಲ. ಒಂದು ಅಳೆಯುವುದು ಪ್ರೋಗ್ರಾಮನ್ನು, ಇನ್ನೊಂದು ಅಳೆಯುವುದು ಲೋಹವನ್ನು. ಚಪ್ಪಟೆತನ, ದುಂಡುತನದಂಥವು ಸಿಮ್ಯುಲೇಷನ್‌ನಲ್ಲಿ ಯಾವಾಗಲೂ ಚೆನ್ನಾಗಿಯೇ ಬರುತ್ತವೆ. ವೈಸ್ ಬಿಗಿದಾಗ ಜಾಬ್ ಬಾಗಿದ್ದು, ಬಿಟ್ಟಾಗ ಮರಳಿ ಎದ್ದದ್ದು ಅದಕ್ಕೆ ಗೊತ್ತೇ ಇಲ್ಲವಲ್ಲ.

ಎರಡನೇ ಸೆಟಪ್ಪಿನಲ್ಲಿ ಯಾವ ಸ್ಟಾಕ್ ಬಳಸಬೇಕು?

ಮೊದಲ ಸೆಟಪ್ಪಿನಲ್ಲಿ ಕಟ್ ಆಗಿ ಉಳಿದದ್ದನ್ನೇ. ಹೊಸದಾಗಿ ಒಂದು ಚೌಕ ತುಂಡು ಇಟ್ಟರೆ ಡಿಕ್ಕಿ ಪರೀಕ್ಷೆಯೂ ತಪ್ಪು, ಚಿಪ್ ದಪ್ಪವೂ ತಪ್ಪು. ತಿರುಗಿಸಿ ಕೂರಿಸಿದ ಮೇಲೆ ಮೊದಲ ಸೆಟಪ್ಪಿನ ಒಂದು ಮುಖದಿಂದ ಎರಡನೇ ಸೆಟಪ್ಪಿನ ಒಂದು ಮುಖಕ್ಕೆ ಅಳತೆ ತೆಗೆಯಿರಿ. ಎರಡು ಸೆಟಪ್ಪುಗಳ ನಡುವಿನ ಆಫ್‌ಸೆಟ್ ತಪ್ಪು ಸಿಕ್ಕುವುದು ಅಲ್ಲೇ.

ರಿಪೋರ್ಟಿನಲ್ಲಿ ಏನಿರಬೇಕು?

ಅಳತೆಗಳ ಪಟ್ಟಿ, ಹೋಲಿಕೆಯ ಚಿತ್ರ ಎಲ್ಲರೂ ಹಾಕುತ್ತಾರೆ. ಅದರ ಜೊತೆ ಪ್ರೋಗ್ರಾಂ ಫೈಲಿನ ಹೆಸರು ಮತ್ತು ದಿನಾಂಕ, ಮಾಡೆಲಿನ ಆವೃತ್ತಿ, ಸಿಮ್ಯುಲೇಷನ್ ಟಾಲರೆನ್ಸ್, ಹೋಲಿಕೆಯ ಟಾಲರೆನ್ಸ್, ಟೂಲುಗಳ ಚಾಚು ಉದ್ದ ಬರೆಯಿರಿ. ಈ ಐದು ಇಲ್ಲದ ರಿಪೋರ್ಟನ್ನು ಯಾರಾದರೂ ನನ್ನ ಮೇಜಿನ ಮೇಲೆ ಇಟ್ಟರೆ ನಾನು ಚಿತ್ರ ನೋಡುವುದಕ್ಕೂ ಹೋಗುವುದಿಲ್ಲ, ವಾಪಸ್ ಕೊಟ್ಟು ಇವನ್ನು ಮೊದಲು ಬರೆದು ತನ್ನಿ ಅನ್ನುತ್ತೇನೆ.